ನಗಾರಿಯ ಕೆಳಗಿನ ಮಾತು

“ಕಲಗಚ್ಚು. ಬಿಸಿಬಿಸಿ ಇದೆ, ಕುಡೀರಿ ಗೂಢಚಾರ ಸಾಹೇಬ್ರೇ.”

ಲೊರೀನಾ ಸೂಪಿನ ಬಟ್ಟಲನ್ನು ಎಲ್ಮರ್ ಕ್ವಾನನ ಮುಂದೆ ಕುಕ್ಕಿದಳು. ಅರ್ಧ ಸೂಪು ಅವನ ತೋಳಿನ ಮೇಲೆ ಚೆಲ್ಲಿತು. ಮಧ್ಯಾಹ್ನದ ಊಟದ ಹೊತ್ತು. ಲಾಸ್ ಏಂಜಲೀಸಿನ ಚೈನಾಟೌನಿನಲ್ಲಿ ಆ ಹೊತ್ತಿಗೆ ಜೂ ಯಜಮಾನರ ಹೋಟೆಲಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಲಾಂಡ್ರಿಯವರು, ತರಕಾರಿ ಮಂಡಿಯವರು, ಹಡಗುಕಟ್ಟೆಯಲ್ಲಿ ವೆಲ್ಡಿಂಗ್ ಮಾಡುವವರು, ಎಲ್ಲರೂ ತಿನ್ನುವುದನ್ನು ನಿಲ್ಲಿಸಿ ತಿರುಗಿ ನೋಡಿದರು. ಆಮೇಲೆ ಹೋಟೆಲಿಗೆ ಹೋಟೆಲೇ ನಕ್ಕಿತು.

ನಗದೇ ಇದ್ದವರು ಒಬ್ಬರೇ. ಗಲ್ಲಾದ ಹಿಂದೆ ಕೂತಿದ್ದ ಲೊರೀನಾಳ ಅಪ್ಪ ಜೂ ಯಜಮಾನರು ಮುಖವನ್ನು ಗೋಡೆ ಕಡೆ ತಿರುಗಿಸಿಕೊಂಡರು. ಅಷ್ಟೂ ಜನರ ನಗುವಿಗಿಂತ ಆ ತಿರುಗಿದ ಬೆನ್ನು ಎಲ್ಮರ್‌ನನ್ನು ಹೆಚ್ಚು ಸುಟ್ಟಿತು.

“ಲೊರೀನಾ, ನಾನು ಹೇಳಿದ್ದು ಅಷ್ಟೇ ಅಲ್ಲ.”

“ಇನ್ನೂ ಇದೆಯಾ? ಹೇಳು ಮತ್ತೆ. ನಮ್ಮ ಅನ್ನಕ್ಕೇನಂದೆ? ಮೀನಿಗೇನಂದೆ?”

“ಮುಂದಿನ ಮಾತು ನಗಾರಿ ಸದ್ದಲ್ಲಿ ಮುಚ್ಚಿಹೋಗಿದೆ.”

“ನಗಾರಿ ಬಾರಿಸಿದೋರ ಹೊಟ್ಟೆ ತಣ್ಣಗಿರಲಿ.”

ಮೂಲೆಯಲ್ಲಿ ಕೂತಿದ್ದ ಲಾಂಡ್ರಿಯ ಮೋಯ್ ತಾತನಿಗೆ ಸುಮ್ಮನಿರಲು ಆಗಲಿಲ್ಲ. “ಅಲ್ಲ ಮಗಾ, ನಿಂಗೆ ಸಂಬಳ ಕೊಡೋ ಜಪಾನಿನವ್ರು ಸೂಪು ಕೊಡಲ್ವಾ? ಇಲ್ಯಾಕೆ ಬರ್ತೀಯ?”

ಮತ್ತೆ ನಗು. ಎಲ್ಮರ್‌ಗೆ ಮೇಜನ್ನೇ ಎತ್ತಿ ಬಿಸಾಡುವಷ್ಟು ಸಿಟ್ಟು ಬಂತು. ಆದರೆ ಯಾರ ಮೇಲೆ ಬಿಸಾಡುವುದು? ತಪ್ಪು ಅವನದೇ.

ಲೊರೀನಾ ಬಟ್ಟಲೆತ್ತಿಕೊಳ್ಳಲು ಬಗ್ಗಿದಾಗ ತಗ್ಗಿದ ದನಿಯಲ್ಲಿ ಅಂದಳು: “ಮುಂದಿನ ವಾರ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗ್ತಿದೀನಿ, ನರ್ಸಿಂಗಿಗೆ. ಅಲ್ಲಿವರೆಗೂ ನಿನ್ನ ಮುಖ ತೋರಿಸ್ಬೇಡ. ಆಮೇಲೆ ಹೇಗೂ ನೋಡೋ ಕರ್ಮ ಇರಲ್ಲ.”

ಹೇಳಿದ ಮೇಲೆ ಒಂದು ಗಳಿಗೆ ಅವನನ್ನೇ ನೋಡಿದಳು. ಬೈದವಳ ಕಣ್ಣಲ್ಲಿ ಬೈಸಿಕೊಂಡವಳ ನೋವಿತ್ತು. ಅದು ಎಲ್ಮರ್‌ಗೆ ಕಂಡಿತು. ಕಂಡರೇನು? ಅವನ ಹಣೆಬರಹವೇ ಅದು. ಅವಳ ಮುಂದೆ ಮಾತ್ರ ನಾಲಿಗೆ ಮರದ ತುಂಡಾಗುತ್ತದೆ.

*

ಆಗಿದ್ದು ಇಷ್ಟು.

ಜಪಾನಿನ ಜೊತೆ ಯುದ್ಧ ಶುರುವಾದ ಮೇಲೆ ಹಾಲಿವುಡ್‌ಗೆ ಗೂಢಚಾರರ ಹುಚ್ಚು ಹಿಡಿದಿತ್ತು. ವಾರಕ್ಕೊಂದು ಹೊಸ ಪಿಕ್ಚರು. ಪ್ರತಿಯೊಂದರಲ್ಲೂ ದುಂಡು ಕನ್ನಡಕದ ಜಪಾನಿ ಏಜೆಂಟ್ ಒಬ್ಬ ಬೇಕು: ಪರದೆಯ ಹಿಂದೆ ನಿಲ್ಲಲಿಕ್ಕೆ, ನಕ್ಷೆ ಕದಿಯಲಿಕ್ಕೆ, ಕೊನೆಗೆ ನಾಯಕನ ಗುಂಡಿಗೆ ಸಾಯಲಿಕ್ಕೆ. ನಿಜವಾದ ಜಪಾನಿ ಮೂಲದವರನ್ನೆಲ್ಲ, ಹಸುಗೂಸುಗಳನ್ನೂ ಬಿಡದೆ, ಬಸ್ಸು ಹತ್ತಿಸಿ ಮರಳುಗಾಡಿನ ಶಿಬಿರಗಳಿಗೆ ಸಾಗಿಸಿದ್ದರು. ಹಾಗಾಗಿ ಚೀನೀ ಹುಡುಗರನ್ನು ಕರೆದರು. ಶಾಲೆ ಬಿಟ್ಟು ತರಕಾರಿ ಮೂಟೆ ಹೊರುತ್ತಿದ್ದ ಎಲ್ಮರ್ ಹೋದ. ಕಿವಿಯ ತಮಟೆ ತೂತು ಅಂತ ಸೈನ್ಯ ಅವನನ್ನು ವಾಪಸ್ ಕಳಿಸಿತ್ತು. ದೇಶಕ್ಕಾಗಿ ಸಾಯುವುದಕ್ಕೆ ಬೇಡವಾದವನು ದೇಶದ ಶತ್ರುವಾಗಿ ಸಾಯುವುದಕ್ಕೆ ಬೇಕಾದ.

ಸತ್ತ. ಹಡಗಿನಿಂದ ಬಿದ್ದು ಸತ್ತ, ತನ್ನ ಬಾಂಬಿಗೆ ತಾನೇ ಸತ್ತ, ಒಂದು ಸಲ ಹೂಕುಂಡ ತಲೆಗೆ ಬಿದ್ದು ಸತ್ತ. ಆ ಮುಖ ಹೊತ್ತು ಬೀದಿಗಿಳಿದರೆ ಜನ ಉಗಿಯುತ್ತಿದ್ದರು. ಟ್ರಾಮಿನಲ್ಲಿ ಒಬ್ಬ ಕಪಾಳಕ್ಕೆ ಬಿಟ್ಟ ಮೇಲೆ ‘ನಾನು ಚೀನಿ’ ಎಂದು ಬರೆದ ಬಿಲ್ಲೆಯನ್ನು ಕೋಟಿಗೆ ಚುಚ್ಚಿಕೊಂಡು ಓಡಾಡಿದ. ಚೈನಾಟೌನಿಗೆ ಬಂದರೆ ಅಲ್ಲೂ ಬಿಡುಗಡೆಯಿಲ್ಲ. ಚೀನಾದಲ್ಲಿ ನಮ್ಮ ಊರುಗಳನ್ನು ಸುಟ್ಟವರ ವೇಷ ಹಾಕುತ್ತಾನೆ ಅಂತ ಹಿರಿಯರು ಮುಖ ತಿರುಗಿಸುತ್ತಿದ್ದರು.

ಒಂದು ದಿನ ವೈರ್‌ಲೆಸ್ ದೃಶ್ಯ. ಏಜೆಂಟ್ ನೆಲಮಾಳಿಗೆಯಲ್ಲಿ ಕೂತು ಸಬ್‌ಮರೀನಿಗೆ ಸುದ್ದಿ ಕಳಿಸಬೇಕು. “ಜಪಾನಿ ಭಾಷೇಲಿ ಏನಾದ್ರೂ ಮಾತಾಡು, ಗಡಸಾಗಿರ್ಲಿ” ಅಂದ ಡೈರೆಕ್ಟರ್. ಎಲ್ಮರ್‌ಗೆ ಜಪಾನಿ ಭಾಷೆಯ ಒಂದಕ್ಷರ ಬಾರದು. ಅವನ ಜೊತೆಯ ಯಾರಿಗೂ ಬಾರದು. ಇಂಥ ಹೊತ್ತಲ್ಲಿ ಎಲ್ಲರೂ ಮನೆಯಲ್ಲಾಡುವ ತೊಯ್ಸಾನ್ ಅನ್ನುವ ಚೀನೀ ಮಾತನ್ನೇ ಹಲ್ಲು ಕಡಿದು ಆಡುತ್ತಿದ್ದರು. ಒಬ್ಬ ಊಟದ ಪಟ್ಟಿ ಹೇಳಿದ್ದ, ಇನ್ನೊಬ್ಬ ಅತ್ತೆಯನ್ನು ಬೈದಿದ್ದ. ಬಿಳಿಯರಿಗೆ ಎಲ್ಲ ಒಂದೇ.

ಎಲ್ಮರ್ ಮೈಕಿನ ಮುಂದೆ ಕೂತ. ಅದು ನಾಟಕದ ಮೈಕು, ತಂತಿ ಎಲ್ಲಿಗೂ ಹೋಗಿರಲಿಲ್ಲ; ಮಾತು ಹಿಡಿಯುವ ನಿಜವಾದ ಯಂತ್ರ ತಲೆಯ ಮೇಲೆ ತೂಗುತ್ತಿತ್ತು. ಎದುರಿಗಿದ್ದ ಅಷ್ಟೂ ಜನರಲ್ಲಿ ಅವನ ಮಾತು ತಿಳಿಯುವವರು ಒಬ್ಬರಿಲ್ಲ. ಅವತ್ತು ನಾಲಿಗೆ ಬಿಟ್ಟುಕೊಂಡಿತು. ಎಷ್ಟೋ ದಿನದಿಂದ ಸೂಪಿನ ಬಟ್ಟಲಿನ ಮುಂದೆ ಕೂತು ನುಂಗಿಕೊಂಡಿದ್ದೆಲ್ಲ ಹೊರಬಿತ್ತು. ಹುಬ್ಬು ಗಂಟಿಕ್ಕಿ, ಶತ್ರುವಿನ ದನಿಯಲ್ಲಿ, ಅವನು ಲೊರೀನಾಳಿಗೆ ಎಲ್ಲವನ್ನೂ ಹೇಳಿಬಿಟ್ಟ. ಚೈನಾಟೌನಿನ ಥಿಯೇಟರಿಗೆ ಈ ಪಿಕ್ಚರ್ ಬಂದೇ ಬರುತ್ತದೆ. ಅವಳು ನೋಡಿಯೇ ನೋಡುತ್ತಾಳೆ. ಅವಳಿಗೆ ಮಾತ್ರ ಹೇಳಿದ ಗುಟ್ಟನ್ನು ಇಡೀ ಅಮೆರಿಕ ಕೇಳಿಯೂ ಕೇಳದೆ ಹೋಗುತ್ತದೆ. ಅದಕ್ಕಿಂತ ಚೆಂದದ ಪ್ರೇಮಪತ್ರ ಯಾರು ಬರೆದಾರು ಅಂತ ಮೂರ್ಖನಿಗೆ ಖುಷಿಯೋ ಖುಷಿ. ಅವಳ ಜೊತೆ ಇಡೀ ಚೈನಾಟೌನೂ ಅದನ್ನು ಕೇಳುತ್ತದೆ ಅನ್ನುವುದು ಅವನ ತಲೆಗೇ ಹೋಗಿರಲಿಲ್ಲ.

ಅದಕ್ಕಿಂತ ದೊಡ್ಡ ಎಡವಟ್ಟು ಬೇರೆಯೇ ಇತ್ತು. ಮಾತು ಶುರುವಾಗಿದ್ದು ಹೀಗೆ: “ಜೂ ಯಜಮಾನನ ಸೂಪು ಹಂದಿಗೆ ಹಾಕೋ ಕಲಗಚ್ಚು.”

ಆಮೇಲಿನದು ಮುಖ್ಯ. ಆದರೆ ಮೊದಲ ಸಾಲು ಮುಗಿಯುತ್ತಲೇ ಸಬ್‌ಮರೀನ್ ನೀರಿನಿಂದ ಮೇಲೇಳುತ್ತದೆ. ಸ್ಟುಡಿಯೋದವರು ಅಲ್ಲಿಂದ ಕಹಳೆ, ನಗಾರಿ ಎಲ್ಲ ಸೇರಿಸಿ ಬಾರಿಸಿಬಿಟ್ಟಿದ್ದರು. ತೆರೆಯ ಮೇಲೆ ಎಲ್ಮರ್‌ನ ಬಾಯಿ ಆಡುತ್ತಿತ್ತು, ಕಣ್ಣು ತುಂಬಿತ್ತು, ಕೇಳುತ್ತಿದ್ದದ್ದು ಬರೀ ಢಂ ಢಂ. ತುಂಬಿದ ಥಿಯೇಟರ್ ಬಿದ್ದು ಬಿದ್ದು ನಕ್ಕಿತು. ಮೂರನೇ ಸಾಲಿನಲ್ಲಿ ಅಪ್ಪನ ಪಕ್ಕ ಕೂತಿದ್ದ ಲೊರೀನಾ ಎದ್ದು ಹೊರಟುಹೋದಳು.

*

ಸೂಪು ಚೆಲ್ಲಿದ ಅದೇ ವಾರ ಸ್ಟುಡಿಯೋ ಚೈನಾಟೌನಿಗೆ ಬಸ್ಸು ಕಳಿಸಿತು. ಶಾಂಘೈ ಬೀದಿಯ ದೃಶ್ಯಕ್ಕೆ ಜನ ಬೇಕಿತ್ತು. ಗಿರಾಕಿಗಳೆಲ್ಲ ಬಸ್ಸು ಹತ್ತಿದ ಮೇಲೆ ಜೂ ಯಜಮಾನರು ಯಾರಿಗೆ ಬಡಿಸುವುದು? ಹೋಟೆಲಿಗೆ ಬೀಗ ಹಾಕಿ ಅವರೂ ಹತ್ತಿದರು. ಮಗಳೂ ಹತ್ತಿದಳು.

ಗುಂಪನ್ನು ನಿಲ್ಲಿಸುತ್ತಿದ್ದ ಅಸಿಸ್ಟೆಂಟ್ ಡೈರೆಕ್ಟರ್ ಗ್ರಾಡಿ, ಹುಲ್ಲಿನ ಟೋಪಿ ಇಟ್ಟಿದ್ದ ಲೊರೀನಾಳನ್ನು ನೋಡಿ ನಿಂತ. “ನೀನು ಮುಂದೆ ಬಾ. ಗೂಢಚಾರ ಗುಂಡು ತಿಂದು ನಿನ್ನ ಕಾಲ ಹತ್ರ ಬೀಳ್ತಾನೆ. ಅವನನ್ನ ಸಿಟ್ಟಿಂದ ನೋಡ್ಬೇಕು. ಬರುತ್ತಾ?”

“ಅಭ್ಯಾಸ ಇದೆ” ಅಂದಳು ಲೊರೀನಾ.

ಎಲ್ಮರ್ ಬೀದಿಯ ಆ ತುದಿಯಿಂದ ಓಡಿಬರಬೇಕು. ಓಡಿಬಂದ. ಢಂ. ತಿರುಗಿ, ತೂರಾಡಿ, ಬಿದ್ದ. ಕಣ್ಣು ಮುಚ್ಚಿದ. ಅವನ ಕೆನ್ನೆಯ ಪಕ್ಕದಲ್ಲೇ ಅವಳ ಬಟ್ಟೆಯ ಚಪ್ಪಲಿ, ಚಪ್ಪಲಿಯೊಳಗೆ ಪುಟ್ಟ ಪಾದ. ಕ್ಯಾಮೆರಾ ದೂರದ ಅಟ್ಟದ ಮೇಲಿತ್ತು. ಮಾತು ಹಿಡಿಯುವ ಯಂತ್ರ ಇರಲಿಲ್ಲ.

“ಚೆನ್ನಾಗಿ ಸಾಯ್ತೀಯ” ಅಂತ ಮೇಲಿನಿಂದ ಪಿಸುಮಾತು ಬಂತು.

“ಥ್ಯಾಂಕ್ಸ್.”

“ಕಟ್!” ಗ್ರಾಡಿ ಕೂಗಿದ. “ಹೆಣದ ತುಟಿ ಅಲ್ಲಾಡ್ತು. ಇನ್ನೊಂದು ಟೇಕ್.”

ಮತ್ತೆ ಓಡಿಬಂದ, ಮತ್ತೆ ಬಿದ್ದ. ಈ ಸಲ ತುಟಿ ನೆಲಕ್ಕೆ ತಾಗುವ ಹಾಗೆ ಬಿದ್ದ.

“ನಗಾರಿ ಕೆಳಗೆ ಇನ್ನೂ ಏನೋ ಇತ್ತು ಅಂದ್ಯಲ್ಲ. ಏನದು?”

“ನಿಮ್ಮಪ್ಪನ ಸೂಪು ಕಲಗಚ್ಚು, ಆದ್ರೂ…”

“ಆ ಸೂಪು ಮಾಡೋಳು ನಾನು.”

ಹೆಣ ಕಣ್ಣು ಬಿಟ್ಟಿತು.

“ಅಮ್ಮ ಹೋದ ಮೇಲೆ ನಾನೇ ಮಾಡ್ತಿರೋದು” ಅಂದಳು ಲೊರೀನಾ. “ಅಮ್ಮನ ಕೈರುಚಿ ಬರಲ್ಲ, ನಂಗೂ ಗೊತ್ತು. ಅಪ್ಪ ಒಂದು ದಿನಾನೂ ಏನೂ ಅಂದಿಲ್ಲ. ನೀನು ಊರಿಗೆಲ್ಲ ಸಾರಿಬಿಟ್ಟೆ.”

“ಕಟ್! ಏನೋ ಕ್ವಾನ್, ಸಾಯೋದೂ ಬರಲ್ವೇನೋ ನಿಂಗೆ? ಅದೊಂದಕ್ಕೇ ತಾನೆ ನಿನ್ನ ಕರೆಸೋದು.”

ಎಲ್ಮರ್‌ಗೆ ಅಲ್ಲೇ ನೆಲದೊಳಗೆ ಇಳಿದುಹೋಗಬೇಕೆನಿಸಿತು. ಗ್ರಾಡಿಯ ಮಾತಿಗಲ್ಲ. ಮೇಕಪ್ಪಿನವನು ಬಂದು ಮುಖದ ಮಣ್ಣು ಒರೆಸಿದ. ಅವನ ಹಿಂದೆಯೇ ಡೈರೆಕ್ಟರ್ ಬಂದು ಭುಜದ ಮೇಲೆ ಕೈ ಹಾಕಿದ.

“ಎಲ್ಮರ್, ಇದನ್ನ ನೀಟಾಗಿ ಮುಗಿಸು. ಸಂಜೆ ಈ ಪಿಕ್ಚರಿನ ಸಬ್‌ಮರೀನ್ ದೃಶ್ಯವೂ ಆಗ್ಲಿ. ಮುಂದಿನ ಪಿಕ್ಚರ್‌ನಲ್ಲಿ ಚೀನಾ ಸೈನ್ಯದ ಕ್ಯಾಪ್ಟನ್ ಪಾತ್ರ ನಿಂಗೇ ಕೊಡ್ತೀನಿ. ನಮ್ಮ ಕಡೆಯವನು. ಕೊನೇವರೆಗೂ ಬದುಕಿರ್ತಾನೆ.”

ಈ ಒಂದು ಮಾತಿಗಾಗಿ ಎಲ್ಮರ್ ಎಷ್ಟು ಸಲ ಸತ್ತಿದ್ದ. ಕ್ಯಾಪ್ಟನ್. ಬಿಲ್ಲೆ ಚುಚ್ಚಿಕೊಳ್ಳದೆ ಬೀದಿಯಲ್ಲಿ ನಡೆಯಬಹುದು. ಜೂ ಯಜಮಾನರು ಗೋಡೆಯಿಂದ ಮುಖ ತಿರುಗಿಸಬಹುದು. “ಆಗ್ಲಿ ಸಾರ್” ಅಂದ.

ಮೂರನೇ ಸಲ ಬಿದ್ದ.

“ಆದ್ರೂ ಅಂದ್ಯಲ್ಲ” ಅಂದಳು ಅವಳು. “ಆದ್ರೂ ಏನು?”

“ಆದ್ರೂ ದಿನಾ ಬಂದು ಕುಡೀತೀನಿ. ಬಟ್ಟಲು ತಂದಿಡೋ ಕೈ ನೋಡೋಕೆ.”

ಅವಳ ಚಪ್ಪಲಿಯೊಳಗಿನ ಹೆಬ್ಬೆರಳು ಮೆಲ್ಲಗೆ ಮಡಚಿಕೊಂಡಿತು.

“ಬಲಗೈ ಮಣಿಕಟ್ಟಲ್ಲಿ ಎಣ್ಣೆ ಸಿಡಿದ ಕಲೆ ಇದೆ” ಅಂದ ಹೆಣ. “ಅದನ್ನೂ ಹೇಳಿದೀನಿ.”

“ಪಿಕ್ಚರಲ್ಲಾ?”

“ಸಬ್‌ಮರೀನಿಗೆ.”

ಲೊರೀನಾ ತುಟಿ ಕಚ್ಚಿದಳು. ನಗು ಕಣ್ಣಿನಿಂದ ಹೊರಬಿತ್ತು.

“ಕಟ್! ಏ ಹುಲ್ಲು ಟೋಪಿ, ಶತ್ರು ಸತ್ತರೆ ಯಾರಾದ್ರೂ ನಾಚ್ಕೋತಾರಾ? ಎಲ್ಲಿ ಹೋಯ್ತು ನಿನ್ನ ಸಿಟ್ಟು?”

ಗುಂಪಿನಲ್ಲಿ ಬುಟ್ಟಿ ಹಿಡಿದು ನಿಂತಿದ್ದ ಮೋಯ್ ತಾತ ಕೆಮ್ಮಿದ. ಅವನ ಕಿವಿಗೆ ಎಲ್ಲ ಬಿದ್ದಿತ್ತು. ಜೂ ಯಜಮಾನರ ಕಿವಿಗೂ ಬಿದ್ದಿತ್ತೇನೋ, ಅವರು ಗೋಡೆಯಿಲ್ಲದ ಕಡೆ ಗೋಡೆ ಹುಡುಕುತ್ತಿದ್ದರು.

ಮತ್ತೆ ಓಡಿದ. ಮಂಡಿಯ ಚರ್ಮ ಕಿತ್ತುಬಂದಿತ್ತು. ಇನ್ನೊಂದೇ ಸಾಲು ಉಳಿದಿತ್ತು. ಈ ಸಲ ಹೇಳಿ ಮುಗಿಸಲೇಬೇಕು. ಬಿದ್ದ.

“ಆಮೇಲೆ?” ಅವಳ ಪಿಸುಮಾತು ಈಗ ತೀರಾ ಮೃದುವಾಗಿತ್ತು.

“ಆಮೇಲೆ ನಿನಗೊಂದು ಪ್ರಶ್ನೆ ಕೇಳಿದೀನಿ.”

“ಏನಂತ?”

ಎಲ್ಮರ್ ಉಸಿರೆಳೆದುಕೊಂಡ. ಮೇಲಿನಿಂದ ನೋಡುತ್ತಿದ್ದ ಲೊರೀನಾಳ ಕಣ್ಣು ತುಂಬಿಬಂತು.

“ಕಟ್! ಓಕೆ!” ಡೈರೆಕ್ಟರ್ ಚಪ್ಪಾಳೆ ತಟ್ಟಿದ. “ಅದ್ಭುತ. ಆ ಹುಡುಗಿ ಕಣ್ಣೀರು ನೋಡಿ, ಎಂಥ ದ್ವೇಷ. ಮುಗೀತು, ಎಲ್ಲ ಬಸ್ಸಿಗೆ ಹೋಗಿ.”

ಇಷ್ಟು ಹೊತ್ತು ಉಸಿರಾಡಿದರೂ ತಪ್ಪು ಹುಡುಕುತ್ತಿದ್ದ ಆ ಪುಣ್ಯಾತ್ಮನಿಗೆ ಈಗಲೇ ಓಕೆ ಆಗಬೇಕಿತ್ತೇ? ಎಲ್ಮರ್ ನೆಲಕ್ಕೆ ಮುಷ್ಟಿಯಿಂದ ಗುದ್ದಿದ. ಏಳುವಷ್ಟರಲ್ಲಿ ಗ್ರಾಡಿ ಕುರಿ ಅಟ್ಟುವ ಹಾಗೆ ಗುಂಪನ್ನು ಅಟ್ಟಿಕೊಂಡು ಹೋಗಿದ್ದ. ಹುಲ್ಲಿನ ಟೋಪಿ ಹತ್ತಾರು ಟೋಪಿಗಳ ನಡುವೆ ತಿರುಗಿ ತಿರುಗಿ ನೋಡುತ್ತ ದೂರವಾಯಿತು.

ಬಸ್ಸಿನ ಮೆಟ್ಟಿಲ ಹತ್ತಿರ ಜೂ ಯಜಮಾನರು ಮಗಳನ್ನು ತಡೆದರು. ಮಾತು ಎಲ್ಮರ್‌ವರೆಗೂ ಕೇಳಿಸಿತು. “ಸತ್ತವನ ಹತ್ರ ಅಷ್ಟು ಹೊತ್ತು ಏನಮ್ಮ ಮಾತು?”

“ಅವನೇನೋ ಕೇಳ್ಬೇಕಂತೆ ಅಪ್ಪ.”

“ಕೇಳಲಿ. ಬಾಯಿಲ್ವಾ?”

ಲೊರೀನಾ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ ಊರ ಮಾತಿನಲ್ಲೇ ಕೂಗಿ ಹೇಳಿದಳು: “ಎಲ್ಮರ್, ಹೆಣದ ಬಾಯಲ್ಲಿ ಕೇಳಿದ್ರೆ ನಾನು ಉತ್ತರ ಕೊಡಲ್ಲ. ಬದುಕಿರೋನಾದ್ರೆ ಇಲ್ಲಿ ಬಂದು ಕೇಳು. ಅಪ್ಪ ಇದಾರೆ, ಎಲ್ಲರೂ ಇದಾರೆ.”

ಕಿಟಕಿಗಳಿಂದ ಒಂದೊಂದೇ ತಲೆ ಹೊರಬಂತು. ಡ್ರೈವರ್ ಇಂಜಿನ್ ಶುರು ಮಾಡಿದ.

“ಕ್ವಾನ್, ಎಲ್ಲಿ ಹೊರಟೆ?” ಹಿಂದಿನಿಂದ ಗ್ರಾಡಿ. “ಸಬ್‌ಮರೀನಿಗೆ ಲೈಟು ಹಾಕಿ ಆಗಿದೆ.”

ಎಲ್ಮರ್ ಗೂಢಚಾರನ ವೇಷದ ಕೋಟಿನ ಗುಂಡಿಗಳನ್ನು ಬಿಚ್ಚತೊಡಗಿದ್ದ. ಕೊನೆಯದು ಕಿತ್ತೇ ಬಂತು.

ಈಗ ಡೈರೆಕ್ಟರನೇ ಮುಂದೆ ಬಂದ. ಅವನ ದನಿ ಏರಲಿಲ್ಲ. “ಎಲ್ಮರ್, ಒಳ್ಳೇ ಮಾತಲ್ಲಿ ಹೇಳ್ತಿದೀನಿ. ಈಗ ಹೋದ್ರೆ ಆ ಕ್ಯಾಪ್ಟನ್ ಪಾತ್ರ ಬೇರೆಯವನಿಗೆ. ನಿಂಗೆ ಈ ಗೇಟೂ ತೆರೆಯಲ್ಲ. ನಾಳೆ ಬಂದು ಕಾಲು ಹಿಡಿದ್ರೂ ಇಲ್ಲ. ಏನಂತೀಯ?”

ಹೇಳಲು ಎಲ್ಮರ್‌ನ ಬಳಿ ಬೇಕಾದಷ್ಟಿತ್ತು. ಟ್ರಾಮಿನ ಕಪಾಳದ ಏಟಿತ್ತು, ಮುಚ್ಚಿಹೋದ ಮಾತಿತ್ತು. ನಾಲಿಗೆ ತುದಿಗೆ ಬಂದ ಬೈಗುಳವೊಂದನ್ನು ನುಂಗಿಕೊಂಡ. ಇರುವ ಒಂದು ಉಸಿರನ್ನು ಇವರ ಮೇಲೆ ಯಾಕೆ ಕಳೆಯಬೇಕು? ಅದು ಬಸ್ಸಿನ ಹತ್ತಿರ ಕೇಳಬೇಕಾದ ಮಾತಿಗೆ ಬೇಕು.

“ಏನಂತೀಯ ಅಂತ ಕೇಳ್ದೆ” ಅಂದ ಡೈರೆಕ್ಟರ್.

ಎಲ್ಮರ್ ಕೋಟನ್ನು ಸುಳ್ಳು ಶಾಂಘೈಯ ಬೀದಿಯಲ್ಲೇ ಬಿಟ್ಟು, ಬರೀ ಬನಿಯನ್ನಿನಲ್ಲಿ, ಕುಂಟುತ್ತ ಬಸ್ಸಿನ ಕಡೆ ನಡೆದ.