ಹೊಗೆ ಮಂಡಕ್ಕಿಯ ರುಚಿ

ಪರದೆಯ ಮೇಲೆ ಮೌಲಾಸಾಬನ ಶ್ವಾಸಕೋಶದ ಕೆಂಪು ಮೆಲ್ಲಗೆ ಇಳಿಯತೊಡಗಿತ್ತು. ತೋಳಿಗೆ ಕಟ್ಟಿದ್ದ ‘ಹದಗಾರ’ವೆಂಬ ಅಂಗೈಯಗಲದ ಯಂತ್ರ ಅವನ ರಕ್ತಕ್ಕೆ ಕಣ್ಣಿಗೆ ಕಾಣದ ಕಣಗಳನ್ನು ಬಿಡುತ್ತಿತ್ತು. ಅದನ್ನು ಕಂಡುಹಿಡಿದ ಡಾಕ್ಟರ್ ನಸೀಮಾ ನದಾಫ್ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಮಲಗಿದ್ದವನು ಅವಳ ಸ್ವಂತ ಕಾಕಾ, ಅವ್ವ ಸತ್ತ ಮೇಲೆ ಅವಳನ್ನು ಸಾಕಿದವನು.

“ಹೊಗೆ ಕುಡಿದು ಎರಡು ದಿನ ಆತು. ಈಗ್ಯಾಕೆ ಉಸಿರು ಕಟ್ಟಿತಕ್ಕಾ?” ಎಂದು ಕಾಕಾನ ಮಗ ದಾದಾಪೀರ್ ಕೇಳಿದ.

“ಹೊಗೆ ಸುಟ್ಟಿದ್ದು ಸ್ವಲ್ಪ ಕಣೋ. ನ್ಯೂಟ್ರೋಫಿಲ್ ಅಂತ ಬಿಳಿ ರಕ್ತಕಣ ಅದಾವೆ. ಗಾಯ ಆದಲ್ಲಿಗೆ ಓಡಿಬಂದು ರೋಗಾಣು ಕೊಲ್ತಾವೆ. ಗುಂಪು ಜಾಸ್ತಿ ಆತು ಅಂದ್ರೆ ನಮ್ಮ ರಕ್ತನಾಳದ ಗೋಡೆನೇ ಕೆಡವ್ತಾವೆ. ಆ ಬಿರುಕಿನಾಗಿಂದ ನೀರು ಒಸರಿ ಶ್ವಾಸಕೋಶ ತುಂಬ್ತೈತಿ. ಸಾಕು, ತಿರುಗ್ರಿ ಅಂತ ಅವಕ್ಕೆ ಹೇಳೋದೇ ಈ ಯಂತ್ರದ ಕೆಲಸ.”

ದಾವಣಗೆರೆಯ ಮಂಡಕ್ಕಿ ಭಟ್ಟಿಗಳೆಲ್ಲ ಕರೆಂಟಿಗೆ ತಿರುಗಿ ಇಪ್ಪತ್ತು ವರ್ಷವಾಗಿತ್ತು. ಮೌಲಾಸಾಬನ ನಾಲಿಗೆ ಮಾತ್ರ ಹಳೆಯದೇ. ಮೊಮ್ಮಗಳ ಮದುವೆಗೆ ‘ನಿಜವಾದ’ ಮಂಡಕ್ಕಿಯೇ ಆಗಬೇಕೆಂದು ಹಟ ಹಿಡಿದು, ಹಿಂದೆ ನಸೀಮಾಳ ಅವ್ವ ದುಡಿದಿದ್ದ, ಈಗ ಮುಚ್ಚಿದ್ದ ಭಟ್ಟಿಯಲ್ಲಿ ಹೊಟ್ಟು, ಟೈರಿನ ತುಂಡು ಹಾಕಿ ಒಲೆ ಹಚ್ಚಿದ್ದ. ಹೊಗೆ ಕಂಡರೆ ಪಾಲಿಕೆಯವರು ಬಂದಾರೆಂದು ಕಿಟಕಿಗೆ ಗೋಣಿ ಬೇರೆ ತುರುಕಿದ್ದ, ಪುಣ್ಯಾತ್ಮ!

ನಸೀಮಾಳಿಗೆ ಕೆಂಡದಂಥ ಸಿಟ್ಟು ಬಂದಿತ್ತು, ಬೈಯಲು ಮಾತ್ರ ಬಾಯಿ ಬರಲಿಲ್ಲ. ಅವನ ಕೂದಲಲ್ಲಿ ಇನ್ನೂ ಆ ವಾಸನೆಯಿತ್ತು. ಕಾದ ಮರಳು, ಚಟಪಟ ಅರಳುವ ಅಕ್ಕಿ, ಜರಡಿ ಹಿಡಿದ ಅವ್ವ, ಅವಳ ಸೆರಗಿನಿಂದ ತನ್ನ ಲಂಗಕ್ಕೆ ಸುರಿದ ಬಿಸಿ ಮಂಡಕ್ಕಿ. ಅಯ್ಯೋ, ಎಷ್ಟು ಚೆಂದದ ಸಂಜೆಗಳವು! ಎರಡು ಸಾವಿರದ ಇಪ್ಪತ್ತಾರರ ಚಳಿಗಾಲದಲ್ಲಿ ಅವ್ವನಿಗೊಂದು ಜ್ವರ ಬಂತು. ಹೊಗೆ ತಿಂದು ಸೋತಿದ್ದ ಶ್ವಾಸಕೋಶ ಒಂದು ವಾರವೂ ತಡೆಯಲಿಲ್ಲ.

ಬೆಳಗಾಗುವಷ್ಟರಲ್ಲಿ ಮೌಲಾಸಾಬ ಕಣ್ಣುಬಿಟ್ಟ. “ಮಂಡಕ್ಕಿ ತಿಂದ್ಯೇನವ್ವಾ?” ಎಂದ. ನಸೀಮಾಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

ದಾದಾಪೀರ್ ಹಿಗ್ಗಿಹೋದ. “ಇನ್ನೇನು ಭಯ ಅಕ್ಕಾ! ಅಪ್ಪ ಉಳಿದದ್ದು ಓಣ್ಯಾಗೆ ಸುದ್ದಿ ಆಗೈತಿ. ಹೊಗೆ ಮಂಡಕ್ಕಿಗೆ ಈಗ ಭಾರಿ ಗಿರಾಕಿ. ನಾ ದುಡಿಯೋ ಭಟ್ಟಿ ಮಾಲೀಕ ಆಗ್ಲೇ ಹಳೇ ಒಲಿ ರಿಪೇರಿಗೆ ಹಚ್ಯಾನೆ. ಏನಾದ್ರೂ ಆದ್ರೆ ಹದಗಾರ ಐತಲ್ಲ ಅಂತಾನೆ.”

ನಸೀಮಾ ಅವನತ್ತ ತಿರುಗಿದಳು. “ಒಲಿ ಮುಂದೆ ಕೂರೋರು ಯಾರೋ?”

“ಹೆಣ್ಮಕ್ಳು ಅಕ್ಕಾ, ಇನ್ಯಾರು? ಮೊದಲಿನಂಗೇ.”

ಅವಳು ಕಾಕಾನ ತೋಳಿನ ಯಂತ್ರದ ಕಡೆ ನೋಡಿದಳು. ಅವ್ವ ಬದುಕಿದ್ದಾಗ ಆ ಭಟ್ಟಿಗೆ ಒಂದು ಹೊಗೆಕೊಳವೆ ಕಟ್ಟಿಸಿದ್ದರೆ ಸಾಕಿತ್ತು. ಅದಕ್ಕೆ ಯಾವ ವಿಜ್ಞಾನಿಯೂ ಬೇಕಿರಲಿಲ್ಲ.