ತಾತನ ಎಡಗಡೆ

ಠಪ್!

ಏಟು ಬಿದ್ದೇಬಿಟ್ಟಿತು. ನೇರವಾಗಿ ತಾತನ ಎಡಗಿವಿಯ ಮೇಲೆ.

ಮಿಡತೆ ನಂಬಲಾಗದೆ ತನ್ನ ಮುಷ್ಟಿಯನ್ನೇ ತಿರುಗಿಸಿ ನೋಡಿಕೊಂಡಳು. ಆಮೇಲೆ ಸ್ಕೂಲ್ ಬ್ಯಾಗನ್ನು ಸೋಫಾದ ಮೇಲೆ ಎಸೆದು ಮನೆ ತುಂಬ ಕುಣಿದಳು. "ಮುಟ್ದೆ! ಮುಟ್ದೆ! ಗಾಳಿ ಮಾಸ್ಟರ್ ಔಟ್!"

ಕುಣಿಯದೆ ಇನ್ನೇನು ಮಾಡಿಯಾಳು? ಅವಳು ನಡೆಯಲು ಕಲಿತಾಗಿನಿಂದ ಇಬ್ಬರ ನಡುವೆ ಈ ಆಟ. ಹೊರಗಿನಿಂದ ಬಂದ ಕೂಡಲೇ ಅವಳು ಒಂದು ಗುದ್ದು ಹಾಕಬೇಕು, ತಾತ ತಪ್ಪಿಸಿಕೊಳ್ಳಬೇಕು. ಪೇಪರ್ ಓದುತ್ತಿರಲಿ, ಸಾಕ್ಸ್ ಹಾಕಿಕೊಳ್ಳುತ್ತಿರಲಿ, ಗುದ್ದು ಬರುವಷ್ಟರಲ್ಲಿ ತಾತನ ತಲೆ ಅಲ್ಲಿರುತ್ತಿರಲಿಲ್ಲ. ಹೆಚ್ಚೇನೂ ಅಲ್ಲ, ನಾಲ್ಕು ಬೆರಳಷ್ಟು ಆಚೆಗೆ ಸರಿದಿರುತ್ತಿತ್ತು.

ಒಂದು ಕಾಲದಲ್ಲಿ ದೊಡ್ಡ ದೊಡ್ಡ ಬಾಕ್ಸರ್‌ಗಳು ತಾತನ ಎದುರು ಬರೀ ಗಾಳಿಗೆ ಗುದ್ದಿ ಸುಸ್ತಾಗಿ ಕೂತಿದ್ದರಂತೆ. ಅದಕ್ಕೇ ಬಾಕ್ಸಿಂಗ್ ಕ್ಲಬ್ಬಿನಲ್ಲಿ ಎಲ್ಲರೂ ಅವನನ್ನು ಗಾಳಿ ಮಾಸ್ಟರ್ ಎನ್ನುತ್ತಿದ್ದರು. ಮೊಮ್ಮಗಳಿಗೆ ಮಿಡತೆ ಎಂದು ಹೆಸರಿಟ್ಟವನೂ ಅವನೇ. ಒಂದು ಕಡೆ ನಿಂತರೆ ತಾನೆ ಅವಳು!

"ಬೇಕಂತಾನೇ ಬಿಟ್ಟೆ ಕಣೆ," ಎಂದು ತಾತ ಕಿವಿ ಉಜ್ಜಿಕೊಂಡ. "ದಿನಾ ಸೋಲ್ತೀಯಲ್ಲ, ಪಾಪ ಅಂತ."

ಮಿಡತೆಯ ಕುಣಿತ ನಿಂತಿತು. ತಾತ ಬೇಕೆಂದು ಸೋಲುವ ಆಸಾಮಿಯೇ ಅಲ್ಲ. ಚೆಸ್ ಆಡುವಾಗಲೂ ಮೊಮ್ಮಗಳೆಂದು ಒಂದು ಕಾಯಿ ಬಿಟ್ಟುಕೊಟ್ಟವನಲ್ಲ. ಈಗ ನಗುತ್ತಿದ್ದ, ನಿಜ. ಆದರೆ ಆ ನಗು ಸ್ವಲ್ಪ ತಡವಾಗಿ ಬಂದಿತ್ತು.

ಸಂಜೆ ಕ್ಲಬ್ಬಿನಲ್ಲಿ ಅವಳು ಸ್ಕಿಪ್ಪಿಂಗ್ ಮಾಡುತ್ತಾ ತಾತನ ಮೇಲೇ ಕಣ್ಣಿಟ್ಟಿದ್ದಳು. ತಾತ ಎರಡೂ ಕೈಗೆ ದಪ್ಪನೆಯ ಪ್ಯಾಡ್ ಹಾಕಿಕೊಂಡು ರಿಂಗ್ ಒಳಗೆ ನಿಂತಿದ್ದ. ಬುಲ್ಡೋಜರ್ ಎಂದು ಎಲ್ಲರೂ ಕರೆಯುವ ದಾಂಡಿಗ ಹುಡುಗ ಆ ಪ್ಯಾಡುಗಳಿಗೆ ಗುದ್ದುತ್ತಿದ್ದ.

ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ಗೊತ್ತಾಗಲಿಲ್ಲ. ಹಗ್ಗ ನಿಲ್ಲಿಸಿ ನೋಡಿದಳು.

ಕಾಲು! "ಎಡಗಾಲು ಮುಂದೆ, ಬಲಗಾಲು ಹಿಂದೆ" ಎಂದು ಮಕ್ಕಳಿಗೆಲ್ಲ ಬಾಯಿ ನೋಯುವಷ್ಟು ಹೇಳುವ ತಾತ ತಾನೇ ಬಲಗಾಲು ಮುಂದಿಟ್ಟು ನಿಂತಿದ್ದ. ಬಲಗಣ್ಣು ಬುಲ್ಡೋಜರ್ ಕಡೆಗೆ ಬರುವಂತೆ ಮುಖವನ್ನು ಓರೆ ಮಾಡಿಕೊಂಡಿದ್ದ.

ಬುಲ್ಡೋಜರ್‌ನ ಬಲಗೈ ಬೀಸಿ ಬಂತು. ತಾತನ ಎಡಗೈ ಪ್ಯಾಡ್ ಏಳುವುದು ಚೂರು ತಡವಾಯಿತು. ಗುದ್ದು ಪ್ಯಾಡಿನ ಅಂಚಿಗೆ ತಾಗಿ ತಾತನ ದವಡೆ ಸವರಿಕೊಂಡು ಹೋಯಿತು.

"ಅಯ್ಯೋ ಮಾಸ್ಟರ್! ಏಟಾಯ್ತಾ?"

"ಕೈ ಸೊಟ್ಟಗೆ ಬಿಟ್ಟೆ ನೀನು. ನಾಳೆ ಫುಲ್ ಫೋರ್ಸಲ್ಲಿ ಮಾಡೋಣ. ನೋಡ್ಕೊಂಡು ಹೊಡಿ."

ಬುಲ್ಡೋಜರ್ ಪಾಪ, ತಪ್ಪು ತನ್ನದೇ ಎಂದು ತಲೆ ತಗ್ಗಿಸಿದ. ಅವನ ಕೈ ಸೊಟ್ಟಗೆ ಹೋಗಿರಲಿಲ್ಲ. ಮಿಡತೆ ಕಣ್ಣಾರೆ ನೋಡಿದ್ದಳು.

ಅವಳಿಗೆ ಒಂದೊಂದೇ ನೆನಪಾಯಿತು. ಮೊನ್ನೆ ತಾತ ಬಾಗಿಲ ಚೌಕಟ್ಟಿಗೆ ಎಡಭುಜ ಬಡಿಸಿಕೊಂಡಿದ್ದ. ನಿನ್ನೆ ಎಡಗಡೆ ಇಟ್ಟಿದ್ದ ಕನ್ನಡಕವನ್ನು ಮನೆಯೆಲ್ಲ ಹುಡುಕಿದ್ದ.

ಮನೆಗೆ ಹೋಗುವ ದಾರಿಯಲ್ಲಿ ಕೇಳಿಯೇಬಿಟ್ಟಳು. "ತಾತ, ನಿಂಗೆ ಎಡಗಡೆ ಕಾಣಲ್ವಾ?"

ತಾತ ನಡಿಗೆ ನಿಧಾನ ಮಾಡಲಿಲ್ಲ. "ನಾನು ಹೇಳ್ಕೊಟ್ಟ ಮೊದಲನೇ ಪಾಠ ಏನು?"

"ಏಟು ಎಲ್ಲಿ ಬಿತ್ತು ಅಂತ ಮುಖ ಹೇಳ್ಬಾರ್ದು."

"ಅಷ್ಟೇ. ಅಮ್ಮಂಗೆ ಏನೂ ಹೇಳ್ಬೇಡ. ಗೊತ್ತಾದ್ರೆ ಅವಳು ಕ್ಲಬ್ಬಿಗೆ ಕಳ್ಸಲ್ಲ. ಆಮೇಲೆ ನಾನೇನು ಮಾಡ್ಲಿ? ಮನೇಲಿ ಕೂತು ನೊಣ ಹೊಡೀಲಾ?"

ಮಿಡತೆ ಹೂಂ ಎಂದಳು.

ಮನೆಗೆ ಬಂದು ಹೋಂವರ್ಕ್ ಬಿಚ್ಚಿ ಕೂತರೂ ಒಂದು ಲೆಕ್ಕವೂ ತಲೆಗೆ ಹತ್ತಲಿಲ್ಲ. ನಾಳೆ ಬುಲ್ಡೋಜರ್ ಶಕ್ತಿಯೆಲ್ಲ ಹಾಕಿ ಹೊಡೆಯುತ್ತಾನೆ. ಅಮ್ಮನಿಗೆ ಹೇಳಿದರೆ ತಾತನ ಕ್ಲಬ್ಬು ಹೋಗುತ್ತದೆ. ಹೇಳದಿದ್ದರೆ? ಅವಳಿಗೆ ತುಂಬಾ ಹೆದರಿಕೆಯಾಯಿತು. ಪುಸ್ತಕದ ಮೇಲೆ ಒಂದು ಹನಿ ಬಿತ್ತು, ಅದನ್ನು ಬೆರಳಿನಿಂದ ಒರೆಸಿದಳು.

ಆಗ ತಾತನ ಎರಡನೇ ಪಾಠ ನೆನಪಾಯಿತು.

ಅಡುಗೆಮನೆಯ ಸ್ಟೂಲನ್ನು ಎಳೆದು ಫ್ರಿಜ್ಜಿನ ಪಕ್ಕದ ಮೂಲೆಯಲ್ಲಿಟ್ಟಳು. ರೌಂಡುಗಳ ನಡುವೆ ರಿಂಗಿನ ಮೂಲೆಯಲ್ಲಿ ಬಾಕ್ಸರನ್ನು ನೋಡಿಕೊಳ್ಳುವ ಕಾರ್ನರ್‌ನವರ ಹಾಗೆ ಹೆಗಲ ಮೇಲೆ ಟವೆಲ್ ಹಾಕಿಕೊಂಡಳು. ನೀರಿನ ಬಾಟಲಿ ಹಿಡಿದು ಕೂಗಿದಳು, "ರೌಂಡ್ ಮುಗೀತು ತಾತ. ಬಾ, ಕೂತ್ಕೋ."

"ಏನೇ ಇದು ಹೊಸ ಆಟ?" ಎನ್ನುತ್ತಾ ತಾತ ಬಂದು ಕೂತ.

ಅವಳು ಬಾಟಲಿಯನ್ನು ಅವನ ಎಡಗಡೆಯಿಂದ ಚಾಚಿದಳು. ತಾತ ಸುಮ್ಮನೆ ಮುಂದೆ ನೋಡುತ್ತಾ ಕಾದ. ಬಾಟಲಿ ಪಕ್ಕಕ್ಕೇ ಬಂದಿದ್ದರೂ ಅವನಿಗೆ ಗೊತ್ತಾಗಲಿಲ್ಲ.

"ನೀರು ಕೊಡೇ," ಎಂದ.

"ಕೊಟ್ಟಿದೀನಿ ತಾತ," ಎಂದಳು ಮಿಡತೆ.

ತಾತ ತಲೆ ಪೂರ್ತಿ ಹೊರಳಿಸಿ ಬಾಟಲಿಯನ್ನು ನೋಡಿದ.

"ಎರಡನೇ ಪಾಠ ನೆನಪಿದ್ಯಾ?" ಮಿಡತೆ ಕೇಳಿದಳು. "ರಿಂಗಲ್ಲಿ ಮುಚ್ಚಿಟ್ಕೋ. ಸ್ಟೂಲ್ ಮೇಲೆ ಕೂತಾಗ ನಿನ್ನ ಕಾರ್ನರ್‌ನವರಿಗೆ ಸುಳ್ಳು ಹೇಳ್ಬೇಡ. ಇಲ್ಲಾಂದ್ರೆ ಅವರು ಇರೋದು ಯಾತಕ್ಕೆ? ನೀನೇ ಹೇಳಿದ್ದು."

ಫ್ರಿಜ್ಜು ಗುಂಯ್ ಎನ್ನುತ್ತಿತ್ತು. ತಾತ ಬಾಟಲಿಯ ಮುಚ್ಚಳವನ್ನು ತೆಗೆದ, ಹಾಕಿದ, ಮತ್ತೆ ತೆಗೆದ.

"ಪಕ್ಕದಿಂದ ಯಾರೋ ಕಪ್ಪು ಪರದೆ ಎಳೆದ ಹಾಗಾಗತ್ತೆ ಕಣೆ," ಎಂದ ಕೊನೆಗೆ. "ಮೊದ್ಲು ಒಂಚೂರು ಇತ್ತು. ಈಗ ಅರ್ಧ ಕಣ್ಣಿಗೆ ಬಂದಿದೆ. ಹೆದರಿಕೆ ಆಗತ್ತೆ."

ತಾತನ ಬಾಯಲ್ಲಿ ಆ ಮಾತನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಕಾರ್ನರ್‌ನವರು ಮಾಡುವ ಹಾಗೆ ಟವೆಲಿನಿಂದ ಅವನ ಮುಖ ಒರೆಸಿದಳು. ಹಣೆ, ಕೆನ್ನೆ, ಕತ್ತು.

"ಅಮ್ಮನೂ ನಿನ್ನ ಕಾರ್ನರ್ ಅಲ್ವಾ ತಾತ?"

ಅಮ್ಮ ಡ್ಯೂಟಿ ಮುಗಿಸಿ ಮನೆಗೆ ಬಂದಾಗ ತಾತ ಇನ್ನೂ ಸ್ಟೂಲಿನ ಮೇಲೇ ಇದ್ದ. ಎಲ್ಲವನ್ನೂ ತಾನೇ ಹೇಳಿದ.

ಅಮ್ಮ ಸಿಟಿ ಬಸ್ ಡ್ರೈವರ್. ಕೂಗಾಡುತ್ತಾಳೆ ಎಂದು ಮಿಡತೆ ಅಂದುಕೊಂಡಿದ್ದಳು. ಅಮ್ಮ ಕೂಗಾಡಲಿಲ್ಲ. ಅವಳ ಕಣ್ಣು ತುಂಬಿತ್ತು. "ಕನ್ನಡಿ ಒಡೆದ ಬಸ್ಸನ್ನ ನಾನು ಡಿಪೋದಿಂದ ಆಚೆ ತೆಗೀತೀನಾ ಅಪ್ಪ? ಏಳು," ಎಂದಳು. ಶೂ ಕೂಡ ಬಿಚ್ಚದೆ ಆಟೋ ಕರೆಯಲು ಹೊರಟಳು.

ಕಣ್ಣಿನ ಒಳಗಿನ ಪದರ ಕಿತ್ತು ಬಂದಿದೆ ಎಂದರು ಡಾಕ್ಟರ್. ಇನ್ನಷ್ಟು ದಿನ ಬಿಟ್ಟಿದ್ದರೆ ಆ ಕಣ್ಣು ಪೂರ್ತಿ ಹೋಗುತ್ತಿತ್ತಂತೆ. ಮರುದಿನವೇ ಆಪರೇಷನ್ ಆಯಿತು. ಸ್ವಲ್ಪ ನೋಟ ಉಳಿಯಿತು, ಸ್ವಲ್ಪ ಹೋಯಿತು. ಇನ್ನು ಮುಂದೆ ತಾತ ರಿಂಗಿನ ಹೊರಗೆ ಕುರ್ಚಿ ಹಾಕಿಕೊಂಡು ಪಾಠ ಹೇಳಬಹುದು. ಪ್ಯಾಡ್ ಮಾತ್ರ ಹಿಡಿಯುವ ಹಾಗಿಲ್ಲ.

ಅದನ್ನು ಕೇಳಿದಾಗ ತಾತ ತನ್ನ ಖಾಲಿ ಕೈಗಳನ್ನೇ ನೋಡಿಕೊಂಡಿದ್ದ. ಮಿಡತೆಗೆ ಅದು ಮರೆತುಹೋಗಲಿಲ್ಲ.

ಕ್ಲಬ್ಬಿಗೆ ಮತ್ತೆ ಹೊರಟ ಮೊದಲ ದಿನ ತಾತ ಗೇಟಿನ ಹತ್ತಿರ ನಿಂತು ಕೇಳಿದ, "ಏನೇ ಮಿಡತೆ, ಈಗೀಗ ಗುದ್ದೋದೇ ಇಲ್ಲ?"

ಅವಳು ಹಿಂದೆಮುಂದೆ ನೋಡಿದಳು. ಆಮೇಲೆ ಬಲಗಡೆಯಿಂದ, ಮೆಲ್ಲಗೆ, ಒಂದು ಗುದ್ದು ಬಿಟ್ಟಳು.

ಮುಷ್ಟಿ ಗಾಳಿಗೆ ಬಿತ್ತು. ತಾತನ ತಲೆ ಅಲ್ಲಿರಲಿಲ್ಲ. ಸೋತು ಇಷ್ಟು ಖುಷಿ ಅವಳಿಗೆ ಯಾವತ್ತೂ ಆಗಿರಲಿಲ್ಲ.

ತಾತ ಎಂದಿನಂತೆ ಬಲಗೈ ಚಾಚಿದ. ಚಿಕ್ಕಂದಿನಿಂದ ಅವಳು ಹಿಡಿದು ನಡೆದ ಕೈ ಅದು. ಮಿಡತೆ ಅದನ್ನು ಹಿಡಿಯಲಿಲ್ಲ. ಅವನ ಬೆನ್ನ ಹಿಂದಿನಿಂದ ಸುತ್ತಿ ಬಂದು ಎಡಗೈ ಹಿಡಿದಳು. ತಾತ ಒಂದು ಕ್ಷಣ ತಡೆದ, ಆಮೇಲೆ ಅವಳ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡ.

ಮುಂದಿನ ತಿರುವಿನಲ್ಲಿ ಎಡಗಡೆಯ ಓಣಿಯಿಂದ ಸೈಕಲ್ಲೊಂದು ರೊಯ್ಯನೆ ಬಂತು.

"ತಾತ, ಎಡಗಡೆ," ಎಂದು ಕೈ ಎಳೆದಳು.

ತಾತ ನಾಲ್ಕು ಬೆರಳಷ್ಟು ಆಚೆಗೆ ಸರಿದ. ಸೈಕಲ್ಲು ತಾಗದೆ ಹೋಯಿತು.