ಹಳೇ ವಿಳಾಸದಲ್ಲಿ ಕೂತವನು

ಬಾಗಿಲಿಗೆ ಬಿದ್ದ ಏಟಿಗೆ ಮೇಲಿನ ಚಿಲಕ ಕಿತ್ತು ನನ್ನ ಕಾಲಬುಡಕ್ಕೇ ಬಂದು ಬಿತ್ತು!

ಕೆಳಗಿನದೊಂದು ಉಳಿದಿತ್ತು. ಅಲ್ಲಿ ಬೆನ್ನು ಕೊಟ್ಟು ಕಡ್ಡಿ ನಿಂತಿದ್ದ. ಆಸ್ಪತ್ರೆಯ ಸರ್ವರ್ ನೋಡಿಕೊಳ್ಳುವವನು. ಊದಿದರೆ ಹಾರಿಹೋಗುವ ಆಸಾಮಿ.

"ಮೇಡಂ, ಬೇಗ...!"

ಗೋಡೆಯ ಪರದೆಯಲ್ಲಿ ಒಂದು ಕೆಂಪು ಚುಕ್ಕೆ ಹರಿದಾಡುತ್ತಿತ್ತು. ಆಂಬುಲೆನ್ಸ್. ಒಳಗೆ ನನ್ನ ತಮ್ಮ. ರೌಡಿ ಬೊಕ್ಕ ಮಾಡಿದ ಕೊಲೆಯನ್ನು ಕಣ್ಣಾರೆ ಕಂಡ ತಪ್ಪಿಗೆ ಹೊಟ್ಟೆಗೆ ಚಾಕು ತಿಂದವನು.

ಮುಖ್ಯ ರಸ್ತೆ ಬಂದ್, ಗೋದಾಮಿನ ಹಿಂದಿನಿಂದ ಬಾ ಅಂತ ಗಾಡಿಯ ಮ್ಯಾಪ್ ಹೇಳುತ್ತಿತ್ತು.

ರಸ್ತೆ ಬಂದ್ ಆಗಿರಲಿಲ್ಲ. ಗೋದಾಮಿನಲ್ಲಿ ಬೊಕ್ಕನ ಹುಡುಗರಿದ್ದರು! ಡ್ರೈವರ್ ಫೋನು ಸ್ವಿಚ್ ಆಫ್.

ಕೇಳು. ಮ್ಯಾಪ್ ಎಲ್ಲಿ ಸಿಗುತ್ತೆ ಅಂತ ಗಾಡಿಗೆ ಹೇಳುವುದು ಆಸ್ಪತ್ರೆಯ ನೇಮ್ ಸರ್ವರ್. ಅದಕ್ಕೆ ಗೊತ್ತಿಲ್ಲದಿದ್ದರೆ ರೂಟ್ ಸರ್ವರನ್ನು ಕೇಳುತ್ತೆ. ಹೆಸರುಗಳ ಲೋಕಕ್ಕೆಲ್ಲ ಹಿರೀಕ ಅದು. ಹಿರೀಕನ ವಿಳಾಸ ಒಂದು ಪಟ್ಟಿಯಲ್ಲಿರುತ್ತೆ. ಹಿರೀಕ ಮನೆ ಬದಲಿಸಿದರೆ ಪಟ್ಟಿಯೂ ಬದಲಾಗಬೇಕು.

ಇಲ್ಲಿ ಬದಲಾಗಿರಲಿಲ್ಲ. ಖಾಲಿ ಬಿದ್ದ ಹಳೇ ವಿಳಾಸಕ್ಕೆ ಬಂದು ಕೂತಿದ್ದ... ಬೊಕ್ಕ! ಗಾಡಿಗೆ ಸಿಕ್ಕಿದ್ದು ಅವನ ಸುಳ್ಳು ಮ್ಯಾಪ್.

"ಪಟ್ಟಿ ಯಾಕೋ ಹಳೇದಿದೆ?"

"ತಿಂಗಳು ತಿಂಗಳೂ ಹೊಸದು ಇಳಿಸ್ಕೊಂಡಿದೀನಿ, ಅಮ್ಮನಾಣೆ!"

"ಯಾರನ್ನ ಕೇಳಿ?"

"ಪಟ್ಟೀಲಿರೋ ಇದೇ ರೂಟ್ ಸರ್ವರನ್ನ..."

ಮುಗೀತು! ಅಜ್ಜಿಯ ಕತೆಯಲ್ಲಿ ರಾಕ್ಷಸ ಮುದುಕಿ ವೇಷದಲ್ಲಿ ಕವಲುದಾರಿಯಲ್ಲಿ ಕೂರುತ್ತಿದ್ದ. ದಾರಿ ಕೇಳಿದವರಿಗೆಲ್ಲ ತನ್ನ ಗುಹೆಯನ್ನೇ ತೋರಿಸುತ್ತಿದ್ದ. ಈ ಪುಣ್ಯಾತ್ಮ ಕಡ್ಡಿ, ರಾಕ್ಷಸನ ವಿಳಾಸ ಸರಿಯಿದೆಯಾ ಅಂತ ರಾಕ್ಷಸನನ್ನೇ ಕೇಳಿದ್ದ. ತಿಂಗಳು ತಪ್ಪದೆ.

ಚಿಕ್ಕಮ್ಮನಿಗೆ ಫೋನ್ ಹಚ್ಚಿದೆ. ಬೇರೆ ಊರಲ್ಲಿ ಕಾಲೇಜಿನ ಸರ್ವರ್ ನೋಡಿಕೊಳ್ಳುತ್ತಾಳೆ.

"ಏನೇ, ಇವತ್ತು ನಾನು ನೆನಪಾದ್ನಾ?"

"ಆಮೇಲೆ ಬೈಯಿ, ಚಿಕ್ಕಮ್ಮ! ನಿನ್ನ ಪಟ್ಟೀಲಿರೋ ರೂಟ್ ಸರ್ವರ್ ವಿಳಾಸ ಓದು. ಒಂದು ನಿಜವಾದ ವಿಳಾಸ ಸಿಕ್ರೆ ಸಾಕು, ಉಳಿದದ್ದು ಅದೇ ಹೇಳುತ್ತೆ."

"ಅದೇನೇ ಸದ್ದು?"

"ಬಾಗಿಲು ಮುರೀತಿದಾರೆ. ಓದು!"

ಓದಿದಳು. ಹಳೇ ಪಟ್ಟಿಯನ್ನು ಪೂರ್ತಿ ಅಳಿಸಿದೆ. ಒಂದೊಂದೇ ಅಂಕಿ ಒತ್ತಿದೆ...

ಬಾಗಿಲು ಬಿತ್ತು. ಅದರ ಕೆಳಗೆ ಕಡ್ಡಿ ಬಿದ್ದ.

ಒಳಗೆ ಬಂದ ಬೊಕ್ಕನ ಹುಡುಗನ ಕೈಯಲ್ಲಿ ಕಬ್ಬಿಣದ ರಾಡು.

"ಕೀಬೋರ್ಡ್ ಬಿಡಕ್ಕ. ಒಳ್ಳೇ ಮಾತಲ್ಲಿ ಹೇಳ್ತಿದೀನಿ."

"ಬಾಗಿಲು ಮುರಿದು ಹೇಳೋದು ಒಳ್ಳೇ ಮಾತೇನೋ?"

ರಾಡು ಬೀಸಿದ. ಎಡಗೈ ಮೂಳೆ ಲಟಕ್ಕೆಂದಿತು! ಕಣ್ಣು ಕತ್ತಲೆ... ಬಲಗೈಗೆ ಬೆಂಕಿ ಆರಿಸುವ ಸಿಲಿಂಡರ್ ಸಿಕ್ಕಿತು. ಮುಖಕ್ಕೇ ಇಳಿಸಿದೆ. ಬಿದ್ದವನು ಮತ್ತೆ ಏಳಲಿಲ್ಲ.

ಉಳಿದ ಅಂಕಿ ಒತ್ತಿ ಸರ್ವರ್ ರೀಸ್ಟಾರ್ಟ್ ಮಾಡಿದೆ.

ಚುಕ್ಕೆ ಗೋದಾಮಿನ ಗೇಟಿನಲ್ಲಿ ನಿಂತಿತು.

ನಿಂತೇ ಇತ್ತು...

ತಿರುಗಿತು!

ಗಾಡಿ ಆಸ್ಪತ್ರೆಗೆ ಬಂತು. ಅದರ ಮೈತುಂಬ ಗುಂಡಿನ ತೂತು. ತಮ್ಮ ಬದುಕಿದ್ದ. ಡ್ರೈವರ್ ಬ್ರೇಕ್ ಹಾಕಿ ಸ್ಟೀರಿಂಗ್ ಮೇಲೆ ತಲೆಯಿಟ್ಟವನು ಎತ್ತಲಿಲ್ಲ. ಅವನ ಹೆಸರು ನಾನು ಇವತ್ತಿಗೂ ಕೇಳಿಲ್ಲ. ಕೇಳುವ ಧೈರ್ಯವಿಲ್ಲ.

ಕಡ್ಡಿ ಈಗ ಹುಷಾರಾಗಿದ್ದಾನೆ. ಪಟ್ಟಿ ಬದಲಾದಾಗೆಲ್ಲ ಫೋನ್ ಮಾಡಿ ನನ್ನನ್ನು ಕೇಳುತ್ತಾನೆ. ನಾನು ಹೇಳಿದ್ದನ್ನು ಕಣ್ಣುಮುಚ್ಚಿ ಬರೆದುಕೊಳ್ಳುತ್ತಾನೆ.

ಪಾಪ, ಇನ್ನೂ ಬುದ್ಧಿ ಬಂದಿಲ್ಲ.